ಹೆಡ್ ಬಿಚ್ಚಿ ಕೂಡಿಸಿದ ಮೇಲೆ ಎಂಜಿನ್ ಮಿಸ್ ಹೊಡೆದರೆ

ಲಂಡನ್ನಿಗೆ ಬಂದು ನೆಲೆಸಿದವರು ಕೊಳ್ಳುವ ಮೊದಲ ಕಾರು ಎಷ್ಟೋ ಸಲ ಬೇರೆಯವರು ವರ್ಷಗಟ್ಟಲೆ ಓಡಿಸಿ ಮಾರಿದ ಪೆಟ್ರೋಲ್ ಗಾಡಿ. 2023ರ ಆಗಸ್ಟ್ 29ರಿಂದ ಹೆಚ್ಚು ಹೊಗೆ ಉಗುಳುವ ಗಾಡಿಗಳಿಗೆ ಶುಲ್ಕ ಹಾಕುವ ಯುಲೆಜ್ ನಿಯಮ ಲಂಡನ್ನಿನ ಎಲ್ಲ ಬರೋಗಳಿಗೂ ಬಂತು. ಯೂರೋ 6 ಹೊಗೆ ಮಾನದಂಡ ಮುಟ್ಟದ ಡೀಸೆಲ್ ಕಾರನ್ನು ರಸ್ತೆಗೆ ಇಳಿಸಿದರೆ ದಿನಕ್ಕೆ 12.50 ಪೌಂಡ್. ಪೆಟ್ರೋಲಿಗಾದರೆ ಯೂರೋ 4 ಸಾಕು, ಅಂದರೆ ಸಾಮಾನ್ಯವಾಗಿ 2006ರಿಂದ ಈಚಿನ ಗಾಡಿ ನಡೆಯುತ್ತದೆ. ಅಷ್ಟು ವಯಸ್ಸಾದ ಗಾಡಿಗೆ ಹೆಡ್ ಗ್ಯಾಸ್ಕೆಟ್ಟೋ ಟೈಮಿಂಗ್ ಬೆಲ್ಟೋ ಹಾಕಿಸುವ ಸಂದರ್ಭ ಬಂದೇ ಬರುತ್ತದೆ. ದುಡ್ಡು ಸುರಿದು ಬಿಡಿಸಿಕೊಂಡು ಬಂದಿರಿ. ನಾರ್ತ್ ಸರ್ಕ್ಯುಲರ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತಿದೆ, ಪಿಕಪ್ ಇಲ್ಲ, ಹಳದಿ ಎಂಜಿನ್ ದೀಪ ಹತ್ತಿದೆ. ಎಲ್ಲಿಂದ ಶುರು ಮಾಡಬೇಕು?

ಬಿಲ್ಲಿನಿಂದ. ರಿಪೇರಿಗೆ ಮುಂಚೆ ಇಲ್ಲದ ಕಾಯಿಲೆ ಈಗ ಬಂದಿದ್ದರೆ, ಮೆಕ್ಯಾನಿಕ್‌ನ ಕೈ ಎಲ್ಲೆಲ್ಲಿ ಆಡಿತೋ ಅಲ್ಲೇ ಮೊದಲು ಹುಡುಕಬೇಕು. ಹೆಡ್ ಇಳಿಸಬೇಕಾದರೆ ಇನ್‌ಟೇಕ್ ಮ್ಯಾನಿಫೋಲ್ಡ್, ವ್ಯಾಕ್ಯೂಮ್ ಪೈಪುಗಳು, ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಪ್ಲಗ್ಗು, ಅರ್ತ್ ವೈರು ಎಲ್ಲ ಬಿಚ್ಚಲೇಬೇಕು. ಒಂದು ಪ್ಲಗ್ಗು ಅರ್ಧ ಕೂತಿದ್ದರೂ ಸಾಕು, ಎಂಜಿನ್ ಕುಂಟುತ್ತದೆ. ಹೊಸ ಸೆನ್ಸರ್ ಕೊಳ್ಳುವ ಆತುರ ಈಗಲೇ ಬೇಡ.

ದೀಪ ಮಿಟುಕುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ, ಆಗ ಎರಡನೆಯ ಬಿಲ್ಲು ಮೊದಲನೆಯದಕ್ಕಿಂತ ದೊಡ್ಡದಾದೀತು.

2001ರ ನಂತರ ಬಂದ ಪೆಟ್ರೋಲ್ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ದೋಷದ ಕೋಡ್ ಓದಲು ಒಬಿಡಿ ಸಾಕೆಟ್ ಇರುತ್ತದೆ. ಕೋಡ್ ರೀಡರ್ ಸಿಕ್ಕಿಸಿ, ಬಂದದ್ದನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾದರೆ ಅಳಿಸಿ. ಅಳಿಸಿದರೆ ದೋಷ ಬಂದ ಹೊತ್ತಿನ ಆರ್‌ಪಿಎಂ, ಬಿಸಿ ಎಲ್ಲದರ ದಾಖಲೆಯೂ ಹೋಗುತ್ತದೆ. ಕೋಡ್ ಹೇಳುವುದು ಲಕ್ಷಣವನ್ನು ಮಾತ್ರ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಷ್ಟೆ. ಪ್ರತಿ ಸ್ಪಾರ್ಕ್ ಪ್ಲಗ್ಗಿಗೂ ಬೇರೆ ಕಾಯಿಲ್ ಇರುವ ಗಾಡಿಯಾದರೆ, ಎಂಜಿನ್ ಆಫ್ ಮಾಡಿ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಸ್ಪಾರ್ಕ್ ಪ್ಲಗ್, ವೈರಿಂಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಶನ್ ನೋಡಬೇಕು.

ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಪಿ0171 ಬಂದರೆ ಸ್ವಲ್ಪ ನಿಧಾನಿಸಿ. ರಿಪೇರಿ ಆದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚು ಕಲಿಸುವುದು ಇದೇ. ಒಳಗೆ ಹೋಗುವ ಗಾಳಿಯನ್ನು ಏರ್‌ಫ್ಲೋ ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಬಿಡುತ್ತದೆ. ಸೆನ್ಸರ್ ದಾಟಿದ ಮೇಲೆ ಎಲ್ಲೋ ಒಂದು ಪೈಪು ಸಡಿಲವಾಗಿ ಕಳ್ಳಗಾಳಿ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ಅದನ್ನು ಕಂಡುಹಿಡಿದು ಇನ್ನಷ್ಟು ಪೆಟ್ರೋಲ್ ಬೇಕು ಎನ್ನುತ್ತದೆ. ಈ ಹೆಚ್ಚುವರಿಯೇ ರೀಡರಿನಲ್ಲಿ ಕಾಣುವ ಫ್ಯುಯೆಲ್ ಟ್ರಿಮ್. ಬಿಸಿಯಾದ ಎಂಜಿನ್ ಐಡಲಿಂಗ್‌ನಲ್ಲಿ +20% ತೋರಿಸಿ, 2500 ಆರ್‌ಪಿಎಂಗೆ ಏರಿಸಿದಾಗ +4%ಕ್ಕೆ ಇಳಿದರೆ ಅನುಮಾನ ಕಳ್ಳಗಾಳಿಯ ಮೇಲೆಯೇ: ನುಗ್ಗುವ ಗಾಳಿ ಐಡಲಿಂಗ್‌ನಲ್ಲಿ ದೊಡ್ಡ ಪಾಲು, ವೇಗದಲ್ಲಿ ಲೆಕ್ಕಕ್ಕಿಲ್ಲ. ಮ್ಯಾನಿಫೋಲ್ಡಿನ ಬಳಿ ಉಸ್ ಎನ್ನುವ ಸದ್ದಿದೆಯೇ ಕಿವಿಗೊಟ್ಟು ಕೇಳಿ, ಬೆಲ್ಟಿನ ಹತ್ತಿರ ಕೈ ಒಯ್ಯದೆ. ಸದ್ದು ಸಿಗದಿದ್ದರೆ ಹೊಗೆ ತುಂಬಿ ಸೋರುವ ಜಾಗ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ. ವೇಗ ಏರಿದಂತೆ ಟ್ರಿಮ್ ಕೂಡ ಏರಿದರೆ ಫ್ಯುಯೆಲ್ ಪಂಪ್, ಫಿಲ್ಟರ್ ಅಥವಾ ಏರ್‌ಫ್ಲೋ ಸೆನ್ಸರ್ ಕಡೆ ತಿರುಗಿ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಮಾತ್ರ ಎಂಜಿನ್ ಓಡಿಸಲೇಬೇಡಿ; ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಬೆಲ್ಟ್ ಬದಲಾಯಿಸಿದ ಮೇಲೆ ಪಿ0016 ಬಂದರೆ ಟೈಮಿಂಗ್ ತಪ್ಪಿರಬಹುದು. ಕ್ರ್ಯಾಂಕಿನ ಗಾಲಿಯಲ್ಲಿ 20 ಹಲ್ಲಿದೆ ಅನ್ನಿ: ಒಂದು ಹಲ್ಲು ಜಾರಿದರೂ 18 ಡಿಗ್ರಿ ವ್ಯತ್ಯಾಸ. ಎಂಜಿನ್ ಓಡೀತು, ಆದರೆ ಎಳೆಯುವುದಿಲ್ಲ. ಇದು ಮನೆಯಲ್ಲಿ ಸರಿಮಾಡುವ ಕೆಲಸವಲ್ಲ. ಇನ್ನೂ ಜಾರಿದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಕಂಪ್ರೆಶನ್ ಟೆಸ್ಟಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಡಿಮೆ ಬಂದರೆ, ಹೊಸ ಗ್ಯಾಸ್ಕೆಟ್ ಅವೆರಡರ ನಡುವೆ ಸೋರುತ್ತಿದೆಯೇ ಎಂದು ಕೇಳಿ.

ಬ್ಯಾಟರಿ ಬಿಚ್ಚಿದ್ದರಿಂದ ಕೆಲವು ಗಾಡಿಗಳು ಐಡಲಿಂಗ್ ಮರೆತಿರುತ್ತವೆ, ಸ್ವಲ್ಪ ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ. ಮಿಸ್‌ಫೈರಿಂಗ್ ಇದ್ದರೆ ಬ್ಯಾಟರಿ ಬಿಚ್ಚಿದ್ದೇ ಕಾರಣವೆಂದು ಒಪ್ಪಬೇಡಿ.

ಎಂಜಿನ್ ದೀಪ ಹತ್ತಿಕೊಂಡಿರುವ ಗಾಡಿ ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆ ಪಾಸಾಗದು. 2018ರ ಮೇ ತಿಂಗಳಿಂದ ಈ ನಿಯಮವಿದೆ. ಕೆಲಸ ತಕ್ಕ ಎಚ್ಚರ, ಕೌಶಲದಿಂದ ಆಗಿಲ್ಲವೆಂದರೆ 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ ಪ್ರಕಾರ ಮತ್ತೆ ಸರಿಯಾಗಿ ಮಾಡಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಗ್ಯಾರೇಜಿಗೆ ಹೋಗುವಾಗ ಜಗಳ ಒಯ್ಯುವುದಕ್ಕಿಂತ ಚೀಟಿ ಒಯ್ಯಿರಿ: ಯಾವ ಕೋಡ್, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಟ್ರಿಮ್ ಐಡಲಿಂಗ್‌ನಲ್ಲಿ ಎಷ್ಟು, 2500ರಲ್ಲಿ ಎಷ್ಟು, ಕಾಯಿಲ್ ಬದಲಿಸಿದಾಗ ಏನಾಯಿತು.