ಜಗಳ ಅವರದು, ಕೆಲಸ ನಿಮ್ಮದು

ಹೊರಗುತ್ತಿಗೆಯ ಮೇಲೆ ಸರ್ಕಾರಿ ಕಚೇರಿಯಲ್ಲಿ ಡಾಟಾ ಎಂಟ್ರಿ ಕೆಲಸಕ್ಕೆ ಸೇರಿದ್ದೀರಾ? ನಿಮಗೊಂದು ಕಿವಿಮಾತು. ಸೂಪರಿಂಟೆಂಡೆಂಟರಿಗೂ ಕೇಸ್ ವರ್ಕರಿಗೂ ಆಗಿಬರದಿದ್ದರೆ ಇಬ್ಬರೂ ಬಂದು ನಿಲ್ಲುವುದು ನಿಮ್ಮ ಕುರ್ಚಿಯ ಬಳಿ. ‘ಅವರು ಎಷ್ಟು ಹೊತ್ತಿಗೆ ಬಂದ್ರಮ್ಮಾ?’ ಎಂದು ಒಬ್ಬರು. ‘ಆ ಫೈಲು ಇವತ್ತು ಮೇಲಕ್ಕೆ ಕಳಿಸಬೇಡ’ ಎಂದು ಇನ್ನೊಬ್ಬರು. ನಾಳೆ ವಿಚಾರಣೆಯಾದರೆ ಕಾಯಂ ನೌಕರರಿಗೆ ನೋಟಿಸು, ವಿವರಣೆಗೆ ಅವಕಾಶ ಎಲ್ಲ ಉಂಟು. ನಿಮಗೆ ಬರುವುದು ಏಜೆನ್ಸಿಯವರ ಒಂದು ಫೋನು: ‘ನಾಳೆಯಿಂದ ಬರಬೇಡಿ.’ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಹೀಗೆ.

‘ನನ್ನ ಕಡೆ ಇರು, ಕಾಯಂ ಮಾಡಿಸ್ತೀನಿ’ ಎಂಬ ಮಾತನ್ನಂತೂ ನಂಬಬೇಡಿ. ಬಹಳ ವರ್ಷ ದುಡಿದ ಮಾತ್ರಕ್ಕೆ ಕಾಯಮಾತಿ ಹಕ್ಕಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ, ಕರ್ನಾಟಕದಿಂದ ಹೋದ ಉಮಾದೇವಿ ಪ್ರಕರಣದಲ್ಲಿ ಹೇಳಿದೆ. ಯಾವ ಸಾಹೇಬರೂ ಕೃಪೆ ತೋರಿ ಕೊಡುವಂಥದ್ದಲ್ಲ ಅದು.

ಅನುಮಾನದ ಆದೇಶ ಬಂದರೆ ‘ಒಂದು ಸಾಲು ಬರೆದುಕೊಡಿ ಸರ್’ ಎನ್ನಿ. ಎಷ್ಟೋ ಆದೇಶಗಳು ಅಲ್ಲೇ ನಿಂತುಹೋಗುತ್ತವೆ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಇನ್ನೊಬ್ಬರ ಲಾಗಿನ್‌ನಲ್ಲಿ ಕೂರಬೇಡಿ. ಹಾಜರಾತಿಯ ಪ್ರತಿ, ಸಂಬಳದ ಚೀಟಿ ಜೋಪಾನವಾಗಿರಲಿ. ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಹಣ ಬಿದ್ದಿದೆಯೇ ನೋಡಿಕೊಳ್ಳಿ.

ಹಾಗೆಂದು ಅನ್ಯಾಯವನ್ನು ನುಂಗಿಕೊಳ್ಳಬೇಕಿಲ್ಲ. ಏಜೆನ್ಸಿ ಸಂಬಳ ಕೊಡದಿದ್ದರೆ ಅದನ್ನು ಕೊಡುವ ಹೊಣೆ ದುಡಿಸಿಕೊಂಡ ಸಂಸ್ಥೆಯ ಮೇಲೆ ಬೀಳುತ್ತದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಗುತ್ತಿಗೆ ನೌಕರಿಯ ಮಹಿಳೆಯರಿಗೂ ಅನ್ವಯಿಸುತ್ತದೆ. ಕಚೇರಿಯ ಆಂತರಿಕ ಸಮಿತಿಗೆ ದೂರು ಕೊಡಲು ಯಾರ ಅಪ್ಪಣೆಯೂ ಬೇಡ.