ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ: ನಾವಿಕರ ಗಡಿಯಾರ ಕುರಿತ ಒಂದು ಅಭ್ಯಾಸ ಪಾಠ

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ, ಆದ್ದರಿಂದ ಒಂದು ಡಿಗ್ರಿಗೆ 4 ನಿಮಿಷ. ಒಂಬತ್ತನೆಯ ತರಗತಿಯ ಮಕ್ಕಳು ಈ ಭಾಗಾಕಾರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ‘ಸುತ್ತ ಬರೀ ನೀರು. ನೀವು ಎಲ್ಲಿದ್ದೀರಿ ಎಂದು ಹೇಗೆ ತಿಳಿಯುತ್ತೀರಿ?’ ಎಂದು ಕೇಳಿದಾಗ ಬಂದ ಉತ್ತರ ‘ಮೊಬೈಲ್ ನೋಡಿ’ ಎಂಬುದೊಂದೇ. ಜನವರಿ ಎರಡನೆಯ ವಾರ ಧಾರವಾಡದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಾನು ತೆಗೆದುಕೊಂಡ ಪಾಠ ಈ ಉತ್ತರದಿಂದಲೇ ಶುರುವಾಯಿತು.

ಮೊದಲು ಅಕ್ಷಾಂಶ. ಇದು ಸುಲಭ, ಏಕೆಂದರೆ ಇದಕ್ಕೆ ಗಡಿಯಾರ ಬೇಕಿಲ್ಲ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಮ್ಮ ಅಕ್ಷಾಂಶ. ಹಿಂದೆ ಅರಬ್ಬಿ ನಾವಿಕರು ‘ಕಮಾಲ್’ ಎಂಬ ಚಿಕ್ಕ ಹಲಗೆಯನ್ನು ಬಳಸುತ್ತಿದ್ದರು. ಹಲಗೆಯ ನಡುವಿನಿಂದ ಹೊರಟ ದಾರದಲ್ಲಿ ಗಂಟುಗಳಿರುತ್ತವೆ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರವನ್ನು ಬಿಗಿ ಹಿಡಿದು, ಹಲಗೆಯ ಕೆಳಅಂಚನ್ನು ದಿಗಂತಕ್ಕೆ, ಮೇಲಂಚನ್ನು ನಕ್ಷತ್ರಕ್ಕೆ ಹೊಂದಿಸುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿ ಉತ್ತರ ದಕ್ಷಿಣವಾಗಿ ಚಾಚಿದೆ. ಹಾಗಾಗಿ ಮಂಗಳೂರಿನ ಗಂಟಿಗೆ ನಕ್ಷತ್ರ ಸರಿಹೊಂದುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸರಿದು, ಆಮೇಲೆ ನೇರ ಪೂರ್ವಕ್ಕೆ ಬಂದರೆ ಬಂದರು ಸಿಗುತ್ತದೆ.

ಇದನ್ನು ಮನೆಗೆಲಸವಾಗಿ ಕೊಟ್ಟೆ. ಕಣ್ಣಿನಿಂದ 57 ಸೆಂ.ಮೀ. ದೂರದಲ್ಲಿ ಹಿಡಿದ ಅಳತೆಪಟ್ಟಿಯ 1 ಸೆಂ.ಮೀ. ಸುಮಾರು 1 ಡಿಗ್ರಿಗೆ ಸಮ (ವೃತ್ತದ ಪರಿಧಿಯ ಸೂತ್ರ ಗೊತ್ತಿದ್ದವರು 57 ಎಲ್ಲಿಂದ ಬಂತೆಂದು ಹುಡುಕಲಿ ಎಂದು ಬಿಟ್ಟೆ). ಧಾರವಾಡದ ಅಕ್ಷಾಂಶ ಸುಮಾರು 15.5. ಮರುದಿನ ಮಕ್ಕಳು ತಂದ ಉತ್ತರಗಳು 13ರಿಂದ 18ರವರೆಗಿದ್ದವು. ದಾರ, ಅಳತೆಪಟ್ಟಿ ಬಿಟ್ಟರೆ ಬೇರೇನೂ ಇಲ್ಲದೆ ಇಷ್ಟು ಸಿಕ್ಕಿದ್ದು ನನಗೆ ಸಾಕೆನಿಸಿತು.

ರೇಖಾಂಶ ಹೀಗೆ ಸಿಗುವುದಿಲ್ಲ. ಭೂಮಿ ತಿರುಗುತ್ತಿರುವುದರಿಂದ ಒಂದೇ ಅಕ್ಷಾಂಶದ ಎಲ್ಲ ಊರುಗಳ ಮೇಲೂ ಅವೇ ನಕ್ಷತ್ರಗಳು ಹಾದುಹೋಗುತ್ತವೆ. ಹಾಯುವ ಹೊತ್ತು ಮಾತ್ರ ಬೇರೆ. ಆ ಹೊತ್ತನ್ನು ಅಳೆಯಲು ಹಡಗಿನಲ್ಲಿ ಗೊತ್ತಾದ ಒಂದು ಊರಿನ ಸಮಯ ಇರಬೇಕು. 1707ರ ಅಕ್ಟೋಬರಿನಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳು ತಾವಿರುವ ಜಾಗದ ಲೆಕ್ಕ ತಪ್ಪಿ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಅಪ್ಪಳಿಸಿದವು. ನಾಲ್ಕು ಹಡಗುಗಳು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಬ್ರಿಟಿಷ್ ಸಂಸತ್ತು ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ಹೇಳುವ ವಿಧಾನಕ್ಕೆ 20,000 ಪೌಂಡ್ ಬಹುಮಾನ ಇಟ್ಟಿತು. ಅರ್ಧ ಡಿಗ್ರಿ ಎಂದರೆ 2 ನಿಮಿಷ. ಆರು ವಾರಗಳ ಪ್ರಯಾಣದಲ್ಲಿ ಅಷ್ಟೇ ತಪ್ಪಬೇಕಾದರೆ ಗಡಿಯಾರ ದಿನಕ್ಕೆ 3 ಸೆಕೆಂಡಿಗಿಂತ ಹೆಚ್ಚು ತಪ್ಪುವಂತಿಲ್ಲ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಕ್ಕಳೇ ಮಾಡಿದರು. ಬಡಗಿ ಕಸುಬಿನ ಜಾನ್ ಹ್ಯಾರಿಸನ್ 1759ರಲ್ಲಿ ಮುಗಿಸಿದ ನಾಲ್ಕನೆಯ ಗಡಿಯಾರ ಜಮೈಕಾಕ್ಕೆ ಹೋದ 81 ದಿನಗಳಲ್ಲಿ, ಅದರ ದಿನನಿತ್ಯದ ಗೊತ್ತಿರುವ ವ್ಯತ್ಯಾಸವನ್ನು ಕಳೆದರೆ, ಹಿಂದೆ ಬಿದ್ದದ್ದು ಸುಮಾರು 5 ಸೆಕೆಂಡ್ ಮಾತ್ರ.

ಇನ್ನು ಚಟುವಟಿಕೆ. ಮೈದಾನದಲ್ಲಿ ಮೂರು ಕಡೆ ಒಂದೊಂದು ಮೀಟರ್ ಕೋಲು ನೆಟ್ಟೆವು. ನೆರಳು ಅತಿ ಗಿಡ್ಡವಾಗುವ ಕ್ಷಣವೇ ನಡುಹಗಲು. ಆದರೆ ಆ ಹೊತ್ತಿನಲ್ಲಿ ನೆರಳು ಹಲವು ನಿಮಿಷ ಬದಲಾದಂತೆಯೇ ಕಾಣುವುದಿಲ್ಲ. ಆದ್ದರಿಂದ ಸೂರ್ಯಸಿದ್ಧಾಂತದಲ್ಲಿ ದಿಕ್ಕು ತಿಳಿಯಲು ಹೇಳಿರುವ ಶಂಕು ಮತ್ತು ವೃತ್ತದ ಉಪಾಯವನ್ನೇ ಹಿಡಿದೆವು. ಬೆಳಿಗ್ಗೆ 11:30ಕ್ಕೆ ನೆರಳಿನ ತುದಿ ಮುಟ್ಟುವಂತೆ ವೃತ್ತ ಎಳೆದು, ಮಧ್ಯಾಹ್ನ ತುದಿ ಮತ್ತೆ ಅದೇ ವೃತ್ತವನ್ನು ಮುಟ್ಟುವ ಸಮಯ ಬರೆದುಕೊಳ್ಳುವುದು. ಎರಡರ ನಡುವಿನ ಸಮಯವೇ ನಡುಹಗಲು. ಜನವರಿ 10ರ ಸುಮಾರಿಗೆ ಸೂರ್ಯ ಗಡಿಯಾರಕ್ಕಿಂತ ಏಳೂವರೆ ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಅಷ್ಟನ್ನು ಕಳೆಯಬೇಕು. ಉಳಿದದ್ದು 12 ಗಂಟೆಗಿಂತ ಎಷ್ಟು ಹೆಚ್ಚೋ ಅಷ್ಟು ನಾವು 82.5 ಡಿಗ್ರಿ ರೇಖೆಯಿಂದ ಪಶ್ಚಿಮಕ್ಕಿದ್ದೇವೆ.

ಮೂರು ಗುಂಪುಗಳಿಗೂ ಒಂದೊಂದು ಕೈಗಡಿಯಾರ ಕೊಟ್ಟಿದ್ದೆ. ಅದರಲ್ಲಿ ಒಂದನ್ನು ಬೇಕೆಂದೇ 4 ನಿಮಿಷ ಮುಂದೆ ಇಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಮೊದಲ ಗುಂಪಿನ ನಡುಹಗಲು 12:37, ಎರಡನೆಯದರದು 12:39. ಮೂರನೆಯ ಗುಂಪಿಗೆ 12:41:30 ಬಂತು. ಏಳೂವರೆ ನಿಮಿಷ ಕಳೆದು 34 ನಿಮಿಷ, ಅಂದರೆ 8.5 ಡಿಗ್ರಿ, ಅಂದರೆ 74 ಡಿಗ್ರಿ ಪೂರ್ವ. ಭೂಪಟದ ಮೇಲೆ ಬೆರಳಿಟ್ಟ ಹುಡುಗ ಕೂಗಿದ: ‘ಸರ್, ನಮ್ ಸಾಲಿ ಗೋವಾಕ್ಕ ಹೋತ್ರಿ!’

ತರಗತಿ ನಕ್ಕಿತು, ಆ ಗುಂಪಿನವರು ನಗಲಿಲ್ಲ. ಅವರ ವೃತ್ತ ಮೂರರಲ್ಲೂ ಚೊಕ್ಕಟವಾಗಿತ್ತು. ನೆರಳನ್ನು ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ ಒಬ್ಬ ಹುಡುಗಿ ಮೂರೂ ಗಡಿಯಾರಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಳು. ಎರಡು ಒಂದೇ ಸಮಯ ತೋರಿಸುತ್ತಿದ್ದವು. ‘ಎರಡೇ ಇದ್ದಿದ್ದರ ಯಾವ್ದು ಸುಳ್ಳಂತ ಗೊತ್ತಾಗ್ತಿರ್ಲಿಲ್ರಿ’ ಎಂದಳು. 1831ರಲ್ಲಿ ಡಾರ್ವಿನ್ನರನ್ನು ಹೊತ್ತು ಹೊರಟ ಬೀಗಲ್ ಹಡಗಿನಲ್ಲಿ 22 ಕ್ರೋನೋಮೀಟರುಗಳಿದ್ದವು ಎಂದು ನಾನು ಹೇಳಬೇಕೆಂದಿದ್ದ ಜಾಗ ಅದೇ.

ಪಾಠದ ನಂತರದ ಚರ್ಚೆಯಲ್ಲಿ ವೀಕ್ಷಕ ಅಧ್ಯಾಪಕರು, ಮಕ್ಕಳ ಕೈಗೆ ಸುಳ್ಳು ಗಡಿಯಾರ ಕೊಡುವುದು ನಂಬಿಕೆಯ ಪ್ರಶ್ನೆ ಎಂದರು. ಸಹಪಾಠಿಗಳಲ್ಲೂ ಅರ್ಧದಷ್ಟು ಜನ ಅವರ ಕಡೆ. ಅವರ ಮಾತಿನಲ್ಲಿ ತೂಕವಿದೆ: ಚೆನ್ನಾಗಿ ಅಳೆದ ಗುಂಪಿಗೆ ತಪ್ಪು ಉತ್ತರ ಬರುವಂತೆ ಮಾಡಿದ್ದು ನಾನೇ. ಆದರೂ ನಾನು ಇದನ್ನು ಬಿಡಲು ಸಿದ್ಧನಿಲ್ಲ. ಸಮುದ್ರದ ಮೇಲೆ ಅಳತೆ ಸರಿಯಿದ್ದೂ ಗಡಿಯಾರ ತಪ್ಪಿದರೆ ಹಡಗು ಬಂಡೆಗೆ ಹೋಗುತ್ತದೆ. ‘ಗಡಿಯಾರ ತಪ್ಪಿದರೆ’ ಎಂದು ಬಾಯಲ್ಲಿ ಹೇಳಿದ್ದರೆ ಆ ಹುಡುಗಿ ಗಡಿಯಾರಗಳನ್ನು ಸಾಲಾಗಿ ಇಡುತ್ತಿರಲಿಲ್ಲ. ಒಂದು ಮಾತು ಒಪ್ಪುತ್ತೇನೆ: ಗುಟ್ಟನ್ನು ಅದೇ ಅವಧಿಯೊಳಗೆ ಬಿಚ್ಚಬೇಕು, ಮರುದಿನಕ್ಕೆ ಉಳಿಸಬಾರದು.

ನಕ್ಷತ್ರಗಳಿಗೆ ಕೊನೆಯ ಹತ್ತು ನಿಮಿಷವಷ್ಟೇ ಸಿಕ್ಕಿತು. ನಾವಿಕರ ಪಂಚಾಂಗದಲ್ಲಿ ಧ್ರುವವಲ್ಲದೆ 57 ಆಯ್ದ ನಕ್ಷತ್ರಗಳಿವೆ. ಅವುಗಳಲ್ಲಿ ರೋಹಿಣಿ, ಮಘಾ, ಚಿತ್ರಾ, ಸ್ವಾತಿಗಳೂ ಇವೆ ಎಂದಾಗ ರೈತರ ಮಕ್ಕಳು ಮಳೆಗಳ ಹೆಸರು ಹೇಳತೊಡಗಿದರು. ನಕ್ಷತ್ರವೂ ದಿಗಂತವೂ ಒಟ್ಟಿಗೆ ಕಾಣುವುದು ಮುಸ್ಸಂಜೆ ಮತ್ತು ನಸುಕಿನ ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲೇ ಸೆಕ್ಸ್ಟೆಂಟ್ ಹಿಡಿದು ಎರಡು ಮೂರು ನಕ್ಷತ್ರಗಳನ್ನು ಅಳೆದು, ಪ್ರತಿಯೊಂದರ ಸಮಯವನ್ನು ಸೆಕೆಂಡಿನವರೆಗೆ ಬರೆಯಬೇಕು. ಸಮಭಾಜಕದ ಮೇಲೆ 4 ಸೆಕೆಂಡ್ ತಪ್ಪಿದರೆ ಸುಮಾರು 1.85 ಕಿ.ಮೀ. ಹೋಯಿತು.

ಈ ಪಾಠವನ್ನು ಬೇರೆ ಊರಿನಲ್ಲಿ ಮಾಡುವವರಿಗೆ: ನಮ್ಮ ಸರಾಸರಿ ನಡುಹಗಲು 12:30ಕ್ಕೆ, ಬೆಂಗಳೂರಿನದು ಸುಮಾರು 12:20ಕ್ಕೆ. ಸೂರ್ಯನ ತಿದ್ದುಪಡಿ ಸೊನ್ನೆಯಾಗುವುದು ಏಪ್ರಿಲ್ ಮಧ್ಯ, ಜೂನ್ ಮಧ್ಯ, ಸೆಪ್ಟೆಂಬರ್ 1 ಮತ್ತು ಡಿಸೆಂಬರ್ 25ರ ಸುಮಾರಿಗೆ. ಮೊದಲನೆಯದು ಬೇಸಿಗೆ ರಜೆ, ಕೊನೆಯದು ಕ್ರಿಸ್‌ಮಸ್, ನಡುವಿನ ಎರಡರಲ್ಲಿ ಮೋಡ. ಜನವರಿಯೇ ವಾಸಿ.