ಕೆರೆಯ ನೇರಳೆ ಹೂವು



ಬಾಗಲೂರು, ಯಲಹಂಕ, ಹೆಬ್ಬಾಳದ ಕಡೆ ಕೆರೆಗಳನ್ನು ನೋಡಿದ್ದೀರಲ್ಲ? ಕೆಲವು ಕಡೆ ನೀರೇ ಕಾಣದ ಹಾಗೆ ಹಸಿರು ಗಿಡ ಹಬ್ಬಿರುತ್ತದೆ. ನಡುನಡುವೆ ನೇರಳೆ ಹೂಗೊಂಚಲು ಇರುತ್ತದೆ. ಇದನ್ನು ಅಂತರಗಂಗೆ ಅಂತಾರೆ. ಇನ್ನೊಂದು ಹೆಸರು ವಾಟರ್ ಹಯಸಿಂತ್. ಇದು ದಕ್ಷಿಣ ಅಮೆರಿಕದ ಗಿಡ. ಹೂವು ಚೆಂದ ಎಂದು 100 ವರ್ಷಕ್ಕೂ ಹಿಂದೆ ನಮ್ಮ ದೇಶಕ್ಕೆ ತಂದರು.

ಒಂದು ಹೂವನ್ನು ಬಿಡಿಸಿ ನೋಡಿ.

ಎಸಳು 6. ಮೇಲಿನ ಎಸಳಿನಲ್ಲಿ ಹಳದಿ ಚುಕ್ಕೆ ಇದೆ, ನವಿಲುಗರಿಯ ಕಣ್ಣಿನ ಹಾಗೆ. ಒಳಗೆ 6 ಸಣ್ಣ ಎಳೆಗಳಿವೆ. 3 ಉದ್ದ, 3 ಗಿಡ್ಡ. ಇವು ಕೇಸರಗಳು. ಇವುಗಳ ತುದಿಯಲ್ಲಿರುವ ಹುಡಿಯೇ ಪರಾಗ. ನಡುವೆ ಒಂಟಿಯಾಗಿ ಇನ್ನೊಂದು ಎಳೆ ಇದೆ. ಇದು ಶಲಾಕೆ. ಜೇನುಹುಳು ಪರಾಗವನ್ನು ಮೈಗೆ ಅಂಟಿಸಿಕೊಂಡು ತರುತ್ತದೆ. ಅದು ಶಲಾಕೆಯ ತುದಿಗೆ ತಗುಲಿದರೆ ಬೀಜ ಕಟ್ಟುತ್ತದೆ.

ಈ ಗಿಡದಲ್ಲಿ ಒಂದು ವಿಶೇಷ ಉಂಟು. ಶಲಾಕೆ ಎಲ್ಲ ಗಿಡದಲ್ಲೂ ಒಂದೇ ಎತ್ತರ ಇರುವುದಿಲ್ಲ. ಒಂದರಲ್ಲಿ ಉದ್ದ, ಒಂದರಲ್ಲಿ ನಡುಮಟ್ಟ, ಇನ್ನೊಂದರಲ್ಲಿ ಗಿಡ್ಡ. ಒಂದು ಗಿಡದ ಪರಾಗ ಬೇರೆ ಗಿಡಕ್ಕೆ ಸೇರಲಿ ಎಂದೇ ಈ ಏರ್ಪಾಡು. ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ನಡುಮಟ್ಟದ್ದೇ ಇದೆ. ಆದರೂ ಬೀಜ ನಿಲ್ಲುವುದಿಲ್ಲ. ತನ್ನದೇ ಪರಾಗದಿಂದಲೂ ಈ ಹೂವು ಬೀಜ ಕಟ್ಟಬಲ್ಲದು.

ಹೂವು ಬಾಡಿದ ಮೇಲೆ ಏನಾಗುತ್ತದೆ? ದಂಟು ಬಾಗಿ ನೀರಿಗೆ ಇಳಿಯುತ್ತದೆ. ಬೀಜ ಕೆಸರಿಗೆ ಸೇರುತ್ತದೆ. ಅಲ್ಲಿ 15ರಿಂದ 20 ವರ್ಷ ಜೀವ ಹಿಡಿದಿರಬಲ್ಲದು! ಇದರ ಜೊತೆಗೆ ಬುಡದಿಂದ ಕವಲೊಡೆದು ಮರಿಗಿಡಗಳೂ ಬರುತ್ತವೆ. ಚರಂಡಿ ನೀರು ಸೇರಿದರೆ ಗಿಡಕ್ಕೆ ಗೊಬ್ಬರ ಹಾಕಿದ ಹಾಗೆ. ಎರಡೇ ವಾರದಲ್ಲಿ ಒಂದಕ್ಕೆ ಎರಡಾಗಬಹುದು. ಕೆರೆ ಮುಚ್ಚಿಹೋದರೆ ನೀರಿಗೆ ಬೆಳಕಿಲ್ಲ, ಗಾಳಿಯಿಲ್ಲ. ಮೀನು ಸಾಯುತ್ತವೆ. ಸೊಳ್ಳೆ ಹೆಚ್ಚುತ್ತದೆ.

ಒಂದು ಸಲ ಕಿತ್ತರೆ ಸಾಲದು ಅನ್ನೋದು ಇದಕ್ಕೇ. ನಾವು ಮಾಡಬೇಕಾದ್ದು ಇಷ್ಟು:

• ಹೂವು ಬಿಡುವ ಮೊದಲೇ, ಬೇರು ಸಹಿತ ತೆಗೆಯಬೇಕು.
• ತೆಗೆದದ್ದನ್ನು ದಡದಲ್ಲೇ ಬಿಡಬಾರದು. ಮಳೆ ಬಂದರೆ ಮತ್ತೆ ಕೆರೆಗೇ ಸೇರುತ್ತದೆ.
• ಮುಂದಿನ ವರ್ಷಗಳಲ್ಲೂ ಮರಿಗಿಡ ಕಂಡ ಕೂಡಲೇ ಕೀಳಬೇಕು.
• ಚರಂಡಿ ನೀರು ಕೆರೆಗೆ ಬರದಂತೆ ಊರವರು ಸೇರಿ ಕೇಳಬೇಕು.
• ಕೊಳಕು ಕೆರೆಯ ಗಿಡವನ್ನು ದನಕ್ಕೆ ಹಾಕಬೇಡಿ. ಅದು ನೀರಿನ ವಿಷವನ್ನು ಹೀರಿಕೊಂಡಿರುತ್ತದೆ.
• ಕೆರೆಗೆ ಒಬ್ಬರೇ ಇಳಿಯಬೇಡಿ.

ಓದಿ, ಬರೆಯಿರಿ: ಎಸಳು, ಕೇಸರ, ಪರಾಗ, ಶಲಾಕೆ, ಬೀಜ.

ಉತ್ತರ ಹೇಳಿ:
1. ಈ ಹೂವಿನಲ್ಲಿ ಎಷ್ಟು ಕೇಸರಗಳಿವೆ?
2. ಹೂವು ಬಿಡುವ ಮೊದಲೇ ಗಿಡ ಕೀಳಬೇಕು. ಯಾಕೆ?
3. ನಿಮ್ಮೂರ ಕೆರೆಗೆ ಚರಂಡಿ ನೀರು ಎಲ್ಲಿಂದ ಬರುತ್ತದೆ? ನೋಡಿ ಬಂದು ಬರೆಯಿರಿ.